ನಾಲ್ಕನೆಯ ಬಾಗಿಲಿನ ಬಣ್ಣ

ನಮ್ಮ ಕಾರಿಗೆ ನಾಲ್ಕು ಬಾಗಿಲುಗಳಿವೆ. ಮೂರು ಆಕಾಶನೀಲಿ ಬಣ್ಣದವು. ನಾಲ್ಕನೆಯದು, ಎಂದರೆ ಎಡಬದಿಯ ಹಿಂದಿನದು, ನೀಲಿಯ ಮನೆಯಲ್ಲಿ ಹುಟ್ಟಿ ಹಸಿರಿನ ಮನೆಗೆ ದತ್ತುಹೋದ ಮಗುವಿನಂತಿದೆ. ರೋಣದ ಸಂತೆಯಲ್ಲೋ ನರಗುಂದದ ಗುಡ್ಡದ ಕೆಳಗೋ ತಾವು ಅದನ್ನು ಕಂಡಿರಲೂಬಹುದು. ಕಂಡವರು ಸುಮ್ಮನೆ ಹೋಗುವುದು ಕಡಿಮೆ.

"ಸರ, ಈ ಬಾಗಲಾ ಬ್ಯಾರೆ ಗಾಡೀದೇನ್ರೀ?"

"ಇಲ್ಲ, ಇದೇ ಗಾಡಿಯದು."

"ಹಂಗಾರ ಉಳದ ಮೂರು ಬ್ಯಾರೆ ಗಾಡೀವೇನ್ರೀ?"

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು. ಎರಡನೆಯ ಪ್ರಶ್ನೆ ಸಂಪೂರ್ಣ ತರ್ಕಬದ್ಧವಾಗಿದೆ ಎಂದು ಒಪ್ಪದೆ ಗತಿಯಿಲ್ಲ. ಆದ್ದರಿಂದ ನಕ್ಕು ಗಾಡಿ ಚಾಲೂ ಮಾಡುತ್ತೇನೆ.

ಈಚೆಗೆ ಒಬ್ಬ ಸಹೋದ್ಯೋಗಿ, ತಮ್ಮ ಹಳೆಯ ಕಾರನ್ನು ಹೊಸದರಂತೆ ಕಾಣಿಸಬೇಕೆಂಬ ಆಸೆಯಿಂದ, "ಒಳ್ಳೆಯ ಬಣ್ಣ ಹಚ್ಚಿಸಲು ಎಷ್ಟು ಖರ್ಚು ಬರುತ್ತದೆ?" ಎಂದು ನನ್ನನ್ನೇ ಕೇಳಿದರು. ಈ ವಿಷಯವನ್ನು ನನ್ನಷ್ಟು ಆಳವಾಗಿ ವಿಚಾರಿಸಿದವರು ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳಲ್ಲಿ ಸಿಗಲಾರರು. ಅಷ್ಟು ವಿಚಾರಿಸಿಯೂ ಹಚ್ಚಿಸದೆ ಉಳಿದವರಂತೂ ಇಲ್ಲವೇ ಇಲ್ಲ. ಅವರಿಗೆ ಸ್ಟಾಫ್ ರೂಮಿನ ಒಂದು ಕಪ್ ಚಹಾದ ಅವಧಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಬಣ್ಣದ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಜಕ್ಕಲಿಯ ನಮ್ಮ ಮನೆಯ ನೀಲಿ ಡಬ್ಬಿ. ತಲಬಾಗಿಲಿಗೆಂದು ಅಪ್ಪ ಒಮ್ಮೆ ಗದಗಿನಿಂದ ಒಂದು ಡಬ್ಬಿ ಎಣ್ಣೆಬಣ್ಣ ತಂದಿದ್ದರು. ಬಾಗಿಲು ಮುಗಿದ ಮೇಲೂ ಬಣ್ಣ ಉಳಿಯಿತು. ಉಳಿದದ್ದನ್ನು ಚೆಲ್ಲುವುದು ಅಪ್ಪನ ಧರ್ಮದಲ್ಲಿ ಇರಲಿಲ್ಲ. ಕಿಟಕಿಯ ಸರಳುಗಳು ನೀಲಿಯಾದವು. ಅವ್ವನ ಟ್ರಂಕು, ಸೈಕಲ್ಲು, ತೊಟ್ಟಿಲು ನೀಲಿಯಾದವು. ಕಾರಹುಣ್ಣಿಮೆ ಬಂದಾಗ ಎತ್ತುಗಳ ಕೋಡು ನೀಲಿಯಾದವು. ಕಡೆಗೆ ತಳದಲ್ಲಿ ಅಂಟಿಕೊಂಡಿದ್ದ ಒಂದಿಷ್ಟನ್ನು ಅಜ್ಜನ ಕೋಲಿಗೆ ಬಳಿದರು. ಅದು ಒಣಗುವ ಮೊದಲೇ ಅಜ್ಜ ಕೋಲು ಹಿಡಿದು ಗುಡಿಗೆ ಹೋಗಿ, ಅದೇ ಕೈಯಿಂದ ಹಣೆಗೆ ವಿಭೂತಿ ಧರಿಸಿ, ಬೀದಿಯುದ್ದಕ್ಕೂ ನೀಲಿ ಹಣೆಯಿಂದ ಎಲ್ಲರಿಗೂ ಶರಣೆನ್ನುತ್ತ ಮನೆಗೆ ಬಂದಿದ್ದ. ಊರಲ್ಲಿ ನೀಲಿಯದೇನು ಸಿಕ್ಕರೂ ಜನ ತಂದು ನಮ್ಮ ಕಟ್ಟೆಯ ಮೇಲಿಡುತ್ತಿದ್ದರು. ಒಂದು ಬಣ್ಣಕ್ಕೆ ಇನ್ನೊಂದು ಕೂಡಬೇಕೆಂಬ ಚಿಂತೆ ನಮಗೆ ಇರಲಿಲ್ಲ, ಏಕೆಂದರೆ ನಮ್ಮಲ್ಲಿದ್ದುದೇ ಒಂದು ಬಣ್ಣ. ಮುಂದೆ ನಾನು ಹಳೆಯ ಕಾರೊಂದನ್ನು ಕೊಳ್ಳಹೋದಾಗ ಇಂಜಿನ್ನು ನೋಡುವ ಮೊದಲೇ ಆಕಾಶನೀಲಿಗೆ ಸೋತದ್ದು ಆ ಡಬ್ಬಿಯ ಪ್ರಭಾವವೇ ಇರಬೇಕು.

ಬಣ್ಣಗಳಿಗೆ ಹೆಸರುಗಳಿರುತ್ತವೆಂದು ತಿಳಿದದ್ದು ಮದುವೆಯಾದ ಮೇಲೆ. ಪತ್ನಿ ಶಾಂತಾಳ ತವರು ಗಜೇಂದ್ರಗಡ. ಕೈಮಗ್ಗದ ಮೇಲೆ ಸೀರೆ ನೇಯುವ ಮನೆತನ. ಮಾವ ಕಳಕಪ್ಪನವರ ಎದುರು ಕುಳಿತು ನಾನೊಮ್ಮೆ ಯಾವುದೋ ಸೀರೆಯನ್ನು "ಈ ಹಸಿರು ಚೆನ್ನಾಗಿದೆ" ಎಂದೆ. ಮಗ್ಗ ನಿಂತಿತು.

"ಹಸರು ಅಂದ್ರ ಹ್ಯಾಂಗ್ರೀ ಅಳಿಯಂದ್ರ? ಗಿಣಿಹಸರೋ, ಬಾಳಿಎಲಿ ಹಸರೋ, ಪಾಚಿಹಸರೋ? ಬರೇ ಹಸರು ಅಂದ್ರ, ಬರೇ ಮನಶ್ಯಾ ಅಂದ್ಹಂಗ ಆತು. ಹೆಸರಿಲ್ಲೇನು ಅವಂಗ?"

ಅಂದಿನಿಂದ ನಾನು ಆ ಮನೆಯಲ್ಲಿ ಬಣ್ಣಗಳ ಬಗ್ಗೆ ಮಾತನಾಡುವುದನ್ನು ಬಿಟ್ಟೆ. ಅವರ ತಮ್ಮ ಈರಪ್ಪನವರು ಎದುರಿನ ಮಗ್ಗದಿಂದಲೇ ನಗುತ್ತಿದ್ದರು. ಒಂದೇ ಕೋಣೆ, ಎದುರುಬದುರು ಎರಡು ಮಗ್ಗ, ಇಬ್ಬರು ಅಣ್ಣತಮ್ಮಂದಿರು. ಬೆಳಗಿನಿಂದ ಸಂಜೆಯವರೆಗೆ ಲಾಳಿಯ ಸದ್ದಿಗೆ ಸಮನಾಗಿ ಇಬ್ಬರ ಜಗಳ ನಡೆದಿರುತ್ತಿತ್ತು. ಆ ಜಗಳ ಎಷ್ಟು ಹಿತವಾಗಿತ್ತೆಂದರೆ ಅದು ನಿಂತ ಮೇಲೆಯೇ ನಮಗೆ ಅದರ ಬೆಲೆ ತಿಳಿದದ್ದು.

ಅದು ನಿಂತದ್ದು ಒಂದು ನವಿಲುಬಣ್ಣದ ಸೀರೆಯಿಂದ. ಅರ್ಧ ನೇಯ್ದ ಮೇಲೆ ನೂಲು ಮುಗಿದಿತ್ತು. ಮಾವ ಹೊಸ ನೂಲಿನ ಲಡಿಯನ್ನು ಆರಿಸಿ ಕೊಟ್ಟರು. ಈರಪ್ಪನವರು ನೇಯ್ದು ಮುಗಿಸಿದರು. ಪೇಟೆಯ ವ್ಯಾಪಾರಿ ಸೀರೆಯನ್ನು ಬಿಚ್ಚಿ ಹರವಿ, ಅರ್ಧ ನೀಲಿ ಅರ್ಧ ಹಸಿರೆಂದು ಹಿಂದಿರುಗಿಸಿದ. ಮಾವನ ಕಣ್ಣಿಗೆ ಮಾತ್ರ ಎರಡೂ ಅರ್ಧ ಒಂದೇ. ಈರಪ್ಪನವರು, "ಅಣ್ಣಾ, ನಿನ್ನ ಕಣ್ಣು ಸೋತಾವು" ಎಂದುಬಿಟ್ಟರು. ನೇಕಾರನಿಗೆ ಕಣ್ಣು ಸೋತಿವೆ ಎನ್ನುವುದು, ಗವಾಯಿಗೆ ಕಿವಿ ಕೆಟ್ಟಿವೆ ಎಂದಂತೆ. ಮಾವ ತಿರುಗಿ, "ನನ್ನ ಕಣ್ಣಲ್ಲ, ನಿನ್ನ ನಿಯತ್ತು ಸೋತೈತಿ. ನಾ ಕೊಟ್ಟ ಲಡಿ ಬದ್ಲ ಮಾಡೀದಿ ನೀ" ಎಂದರು. ಮೊದಲನೆಯ ಮಾತನ್ನು ಮರೆಯಬಹುದಿತ್ತು. ಎರಡನೆಯದನ್ನು ಮರೆಯಲಾಗಲಿಲ್ಲ. ಈರಪ್ಪನವರು ಮಗ್ಗ ಬಿಟ್ಟು, ಹೆಂಡತಿಯ ಊರಾದ ಬೆಳವಣಕಿಗೆ ಹೋಗಿ ಒಂದು ಕಿರಾಣಿ ಅಂಗಡಿ ಹಾಕಿದರು. ಸೀರೆ ಅರ್ಧ ಬೆಲೆಗೆ ಯಾರಿಗೋ ಹೋಯಿತು. ಈಗ ಅದು ಯಾವ ಊರಿನಲ್ಲಿದೆಯೋ, ಯಾರು ಉಡುತ್ತಿದ್ದಾರೋ ತಿಳಿಯದು. ಅಣ್ಣತಮ್ಮಂದಿರು ನಾಲ್ಕು ವರ್ಷ ಮಾತನಾಡಲಿಲ್ಲ. ನಾವೂ ಕಕ್ಕನನ್ನು ನೋಡಲು ಬೆಳವಣಕಿಗೆ ಹೋಗುವುದಿದ್ದರೆ ಕಾರು ಬಿಟ್ಟು ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಾರು ಹೋದರೆ ಸುದ್ದಿ ಮಾವನಿಗೆ ಮುಟ್ಟುತ್ತದೆ ಎಂಬ ಅಂಜಿಕೆ.

ಇನ್ನು ಬಾಗಿಲಿನ ಕಥೆ. ಆ ಬಾಗಿಲು ನಜ್ಜುಗುಜ್ಜಾದುದಕ್ಕೆ ಸರಳ ವಿವಾಹ ಚಳವಳಿಯೇ ನೇರ ಕಾರಣ ಎಂದರೆ ತಾವು ನಂಬಲಾರಿರಿ. ಮದುವೆಗಳಲ್ಲಿ ದುಂದುವೆಚ್ಚ ಮಾಡಬಾರದೆಂದು ನಾನು ಊರೂರಿಗೆ ಹೋಗಿ ಮಾತನಾಡುವುದುಂಟು. ಶಿರೋಳದಲ್ಲಿ ಹಾಗೆ ಮಾತನಾಡುತ್ತಿದ್ದಾಗ, ಹೊರಗೆ ನಿಲ್ಲಿಸಿದ ಕಾರಿಗೆ ಒಂದು ಎಮ್ಮೆ ಬೆನ್ನು ತಿಕ್ಕಿಕೊಂಡಿತು. ನನ್ನ ಭಾಷಣ ಬಹಳ ದೀರ್ಘವಾಗಿತ್ತು. ಎಮ್ಮೆಯ ತುರಿಕೆಯೂ ದೀರ್ಘವಾಗಿತ್ತು. ಸಭಿಕರಲ್ಲಿ ಹಿಂದಿನ ಸಾಲಿನವರು ಅದನ್ನು ನೋಡುತ್ತಿದ್ದರಂತೆ. ನನ್ನ ಮಾತಿಗೆ ಅಡ್ಡಿಯಾಗಬಾರದೆಂದು ಹೇಳಲಿಲ್ಲವಂತೆ. ಅಂದು ಆ ಸಾಲಿನಲ್ಲಿ ಕಂಡ ಏಕಾಗ್ರತೆಗೆ ನಾನು ಮನಸ್ಸಿನಲ್ಲೇ ಹೆಮ್ಮೆಪಟ್ಟಿದ್ದೆ.

ನರಗುಂದದಲ್ಲಿ ದಾವಲಸಾಬ ಎಂಬ ಪೇಂಟರ್ ಇದ್ದಾನೆ. ಬಾಗಿಲನ್ನು ಬಡಿದು ನೆಟ್ಟಗೆ ಮಾಡಿದ. ಬಣ್ಣದ ಪ್ರಶ್ನೆ ಬಂತು. ಕಂಪನಿಯ ಅದೇ ನೀಲಿಯನ್ನು ತಂದು ಹಚ್ಚಿದರೆ ಹೊಂದುವುದಿಲ್ಲ, ಏಕೆಂದರೆ ಉಳಿದ ಕಾರು ನಮ್ಮ ಸೀಮೆಯ ಬಿಸಿಲಿಗೆ ಮಾಸಿದೆ. ಮಾಸಿದ ನೀಲಿಯನ್ನು ಕಣ್ಣಳತೆಯಿಂದಲೇ ಬೆರೆಸಬೇಕು. ಕಣ್ಣಳತೆ ಎಂದ ಕೂಡಲೇ ನನಗೊಂದು ಉಪಾಯ ಹೊಳೆಯಿತು. ಬಣ್ಣ ಬೆರೆಸುವ ಕಂಪ್ಯೂಟರ್ ಇರುವ ಹುಬ್ಬಳ್ಳಿಗೆ ಏಕೆ ಹೋಗಬೇಕು? ಬಣ್ಣಕ್ಕೆ ಬಣ್ಣ ಕೂಡಿಸುವುದರಲ್ಲಿಯೇ ಆಯುಷ್ಯ ಕಳೆದ ಮಾವ ಇಲ್ಲವೇ? ತಮ್ಮ ಹೋದಂದಿನಿಂದ ಮುದುಡಿಕೊಂಡಿದ್ದ ಅವರಿಗೂ ಅದೊಂದು ಮರ್ಯಾದೆ ಎಂದು, ಗಜೇಂದ್ರಗಡದಿಂದ ಕರೆದುಕೊಂಡು ಬಂದೆ. ಕಾರಿಗೆ ಬಣ್ಣ ಆರಿಸಲು ನೇಕಾರನನ್ನು ಕರೆತಂದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ದಾವಲಸಾಬ ಒಂದು ತಗಡಿನ ಮೇಲೆ ಸಾಲಾಗಿ ಬಣ್ಣದ ಪಟ್ಟಿ ಎಳೆದಿದ್ದ. ಸಂಜೆಯಾಗಿತ್ತು. ಮಾವ ತಗಡನ್ನು ಕಾರಿಗೆ ಆನಿಸಿ, ಹಿಂದೆ ಸರಿದು, ಮುಂದೆ ಬಂದು, ಒಂದು ಪಟ್ಟಿಯ ಮೇಲೆ ಬೆರಳಿಟ್ಟರು.

"ಇದು."

ದಾವಲಸಾಬ ತಲೆ ಕೆರೆದುಕೊಂಡ. "ಅಜ್ಜಾರ, ಅದರಾಗ ಹಸರು ಹಣಿಕಿ ಹಾಕ್ತೈತಿ ಅನಸ್ತೈತ್ರಿ ನಂಗ."

"ನಾ ಹುಟ್ಟಿದಾಗಿಂದ ನೂಲು ಆರಿಸೇನಿ ತಮ್ಮಾ."

"ಹೌದ್ರಿ. ನಾ ಏನ್ ಅಂದೆನ್ರಿ? ನಿಮ್ಮ ಮುಂದ ನಂದೇನೈತ್ರಿ."

ನಾನು ಚರ್ಚೆಯನ್ನು ಮುಕ್ತಾಯಗೊಳಿಸಿ, "ಮಾವನವರ ತೀರ್ಪೇ ಅಂತಿಮ" ಎಂದು ಘೋಷಿಸಿದೆ. ಗ್ಯಾರೇಜಿನ ಹಳದಿ ದೀಪದಲ್ಲಿ ಎಲ್ಲವೂ ಹೊಂದಿದಂತೆಯೇ ಕಾಣುತ್ತಿತ್ತು. ಬಣ್ಣವಾದ ಮೇಲೆ ಮೊದಲ ಬೆಳಗಿನ ಬಿಸಿಲು ಬಿದ್ದಾಗ ಬಾಗಿಲು ತಾನಾಗಿಯೇ ಎದ್ದು ಬಂದು ನಮಸ್ಕಾರ ಎಂದಿತು.

ಮಾವ ಮಾತ್ರ ಅದನ್ನು ಸವರಿ ಸವರಿ ನೋಡುತ್ತಿದ್ದರು. "ಹ್ಯಾಂಗ ಕೂಡೇತಿ ನೋಡ್ರಿ! ಸೋತ ಕಣ್ಣೀನ ಕೆಲಸ ಹಿಂಗಿರತೈತೇನು?" ತಮ್ಮ ಹೋದ ಮೇಲೆ ಅವರು ಅಷ್ಟು ಗೆಲುವಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಒಳಗೆ ಶಾಂತಾ ನನ್ನ ತೋಳು ಹಿಡಿದು, "ಯಾರೂ ಏನೂ ಅನಬ್ಯಾಡ್ರಿ. ಬಾಗಲಾ ಹಾಳಾಗಿ ಹೋಗ್ಲಿ. ಕಕ್ಕ ಅಂದಿದ್ದು ಖರೇ ಅಂತ ಅಪ್ಪಗ ಗೊತ್ತಾದ್ರ ಅಂವಾ ಉಳಿಯೂದಿಲ್ಲ" ಎಂದಳು.

ಇಲ್ಲಿ ಒಂದು ಸಂಗತಿಯನ್ನು ನಿವೇದಿಸಬೇಕು. ಧಾರವಾಡದಲ್ಲಿ ಓದುವಾಗ ಅಂತರ್‌ಕಾಲೇಜು ಚರ್ಚಾಸ್ಪರ್ಧೆಯಲ್ಲಿ ನನಗೊಂದು ಬಹುಮಾನದ ಕಪ್ಪು ಬಂದಿತ್ತು. ವಿಷಯ: "ದಯೆಗಿಂತ ಸತ್ಯವೇ ಮೇಲು." ನಾನು ಪರವಾಗಿ ಮಾತನಾಡಿದ್ದೆ. ದಯೆಗಾಗಿ ಹೇಳುವ ಸುಳ್ಳು, ಕೇಳುವವನನ್ನು ಮಗುವಿನ ಮಟ್ಟಕ್ಕೆ ಇಳಿಸುತ್ತದೆ ಎಂದು ಮೇಜು ಗುದ್ದಿ ಹೇಳಿದ್ದೆ. ಆ ಕಪ್ಪು ಈಗಲೂ ನಮ್ಮ ಶೋಕೇಸಿನಲ್ಲಿದೆ. ಮೇಲಿನ ಬೆಳ್ಳಿಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿದೆ. ಮಾವ ಬಂದಾಗಲೆಲ್ಲ ಅದರ ಎದುರಿನ ಕುರ್ಚಿಯಲ್ಲಿ ಕುಳಿತು, "ಬಾಗಲಾ ಮಾಸಿಲ್ಲಲ್ರಿ?" ಎಂದು ಕೇಳುತ್ತಿದ್ದರು. ನಾನು ಕಪ್ಪಿಗೆ ಬೆನ್ನು ತಿರುಗಿಸಿ, "ಇಲ್ಲ ಮಾವ, ಬೆರೆತುಹೋಗಿದೆ" ಎನ್ನುತ್ತಿದ್ದೆ.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಮಾವ ಒಂದು ಸಂಜೆ ಮಗ್ಗದ ಕೆಳಗೆ ಕಾಲಿಳಿಬಿಟ್ಟು ಕೂರುವ ಕುಣಿಗೆ ಇಳಿಯುವಾಗ ಮೆಟ್ಟಿಲು ಕಾಣದೆ ಮುಗ್ಗರಿಸಿದರು. ಪೆಟ್ಟಾಗಲಿಲ್ಲ. ಶಾಂತಾ ಹಟ ಹಿಡಿದು ಗದಗಿನ ಕಣ್ಣಿನ ದವಾಖಾನೆಗೆ ಕರೆದೊಯ್ದಳು. ಎರಡೂ ಕಣ್ಣಲ್ಲಿ ಪೊರೆ, ಬಹಳ ದಿನಗಳದು ಎಂದರು ಡಾಕ್ಟರು.

"ಪೊರಿ ಇಲ್ಲ ಏನಿಲ್ರಿ," ಮಾವ ಡಾಕ್ಟರನ್ನೇ ತಿದ್ದಿದರು. "ನಮ್ಮ ಊರಾಗ ಕರೆಂಟಽ ಡಿಮ್ ಬರ್ತೈತಿ."

"ಹಗಲಿನಾಗೂ ಡಿಮ್ಮೇನ್ರೀ ಅಜ್ಜಾರ?"

ಮಾವ ಕಡೆಗೆ ಒಂದು ಕಣ್ಣಿಗೆ ಮಾತ್ರ ಒಪ್ಪಿದರು. ಒಂದು ಕಣ್ಣು ಸರಿಹೋದರೆ ಇನ್ನೊಂದು ಅದನ್ನು ನೋಡಿ ಕಲಿಯುತ್ತದೆ ಎಂಬುದು ಅವರ ವಾದ. ಹತ್ತು ಹದಿನೈದು ದಿನ ಬಿಟ್ಟು ಕರೆಯುತ್ತೇವೆ ಎಂದರು ದವಾಖಾನೆಯವರು.

ಹಿಂದಿರುಗುವ ದಾರಿಯಲ್ಲಿ ನನಗೂ ಶಾಂತಾಳಿಗೂ ಒಂದೇ ಕ್ಷಣಕ್ಕೆ ಒಂದೇ ಭಯ ಹುಟ್ಟಿತು. ಕಣ್ಣು ಬಂದ ಕೂಡಲೇ ಮಾವ ಮೊದಲು ನೋಡುವುದು ಯಾವುದನ್ನು? ಅವರು ಆಗಲೂ ಕಿಟಕಿಯ ಹೊರಗೆ ಕೈ ಚಾಚಿ ಬಾಗಿಲನ್ನು ಮೆಲ್ಲಗೆ ತಟ್ಟುತ್ತಿದ್ದರು.

ಕಾರು ಓಡುವುದು ಇಂಜಿನ್ನಿನಿಂದಲೇ ಹೊರತು ಬಣ್ಣದಿಂದಲ್ಲ ಎಂದು ಸಭೆಗಳಲ್ಲಿ ಹೇಳುತ್ತಿದ್ದ ನಾನು ಮರುದಿನವೇ ನರಗುಂದಕ್ಕೆ ಓಡಿದೆ. ದಾವಲಸಾಬನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆ.

"ಬಾಗಲಾ ಅಷ್ಟಽ ತಿರಗಿ ಹಚ್ಚಿದ್ರ ಆಗೂದಿಲ್ರಿ ಸರ," ಎಂದ ಅವನು ಕಾರನ್ನು ಸುತ್ತುಹಾಕುತ್ತ. "ಟಾಪು ಒಂದು ನೀಲಿ, ಬಾನೆಟ್ಟು ಒಂದು ನೀಲಿ, ನೆರಳಿನ ಕಡೆ ಮತ್ತೊಂದು ನೀಲಿ. ಅದರಾಗ ಆಪರೇಶನ್ ಆದ ಕಣ್ಣಂದ್ರ ಹದ್ದಿನ ಕಣ್ರಿ. ನಮ್ಮವ್ವಗ ಆದ ಮ್ಯಾಲ ಮನ್ಯಾಗಿನ ಜ್ಯಾಡರ ಬಲಿ ಎಲ್ಲಾ ಕಂಡುವು ನೋಡ್ರಿ. ಆಕಿ ಸೊಸಿಗೆ ಇನ್ನೂ ಬೈಯೂದು ಬಿಟ್ಟಿಲ್ಲ. ಇಡೀ ಗಾಡಿ ಹಚ್ಚಬೇಕು."

"ಎಷ್ಟಾಗುತ್ತದೆ?"

"ಬಣ್ಣದಾಗ ಮೂರು ಥರಾ ಅದಾವ್ರಿ. ಒಂದು, ಮಾರೂ ಗಾಡಿಗೆ ಹಚ್ಚೂದು. ಎರಡು, ಮದವಿ ಸೀಜನ್ನಿಗೆ ಹಚ್ಚೂದು. ಮೂರನೇದ್ದು, ಇದು ನಮ್ಮ ಗಾಡಿ ಅಂತ ಹಚ್ಚೂದು. ನಿಮಗ್ಯಾವ್ದು ಬೇಕ್ರಿ?"

ಮೂರನೆಯದೆಂದೆ. ಹುಬ್ಬಳ್ಳಿಯ ದೊಡ್ಡ ಗ್ಯಾರೇಜು ಫೋನಿನಲ್ಲಿ ಅದಕ್ಕೆ ಅರವತ್ತು ಸಾವಿರ ಹೇಳಿತ್ತು. ದಾವಲಸಾಬ ಮೂವತ್ತೆಂಟಕ್ಕೆ ಇಳಿದ. ಕಾರನ್ನೇ ಮಾರಿದರೆ ಅದಕ್ಕಿಂತ ಸ್ವಲ್ಪವೇ ಹೆಚ್ಚು ಬಂದೀತು. ಅದು ದೊಡ್ಡ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಸಮಯ. ಹಳೆಯ ಬಣ್ಣವನ್ನು ತಗಡು ಕಾಣುವವರೆಗೆ ಕೆರೆಯಬೇಕು, ತಗ್ಗುಗಳಿಗೆ ಪುಟ್ಟಿ ತುಂಬಬೇಕು, ನೀರು ಹಾಕಿ ಉಜ್ಜಬೇಕು, ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಹೊಳಪು. ಪ್ರತಿಯೊಂದರ ನಡುವೆಯೂ ಒಣಗಲು ಬಿಡಬೇಕು. ನಮ್ಮ ಕಡೆಯ ಗಾಳಿಯಲ್ಲಿ ಕರಿಮಣ್ಣಿನ ಧೂಳು ಹಸಿಬಣ್ಣಕ್ಕೆ ಕೂರದಂತೆ ಸುತ್ತ ಒದ್ದೆ ಗೋಣಿ ಕಟ್ಟಬೇಕು.

"ಹತ್ತು ದಿನಾ ಬೇಕ್ರಿ."

ನಾನು ವಾದಿಸಿದೆ. ಮೊದಲು ಮಾನವೀಯತೆಯ ನೆಲೆಯಿಂದ, ಅನಂತರ ತರ್ಕದ ನೆಲೆಯಿಂದ, ಕೊನೆಗೆ ಚಹಾ ತರಿಸಿ. ಐದು ದಿನದಲ್ಲಿ ಮುಗಿಸಲು ಸಾಧ್ಯವೇ ಇಲ್ಲವೇ?

"ಅರ್ಧಾ ಬಣ್ಣಾ ನಾ ಹಚ್ಚತೇನ್ರಿ ಸರ, ಅರ್ಧಾ ಗಾಳಿ ಹಚ್ಚತೈತಿ. ನಂಗರ ಲಗೂ ಮಾಡು ಅಂತ ಹೇಳಬಹುದು. ಗಾಳಿಗೆ ಯಾರು ಹೇಳಾವ್ರು?"

ಮುಂಗಡ ಕೊಟ್ಟು ಸೋಮವಾರ ಕಾರು ತರುವುದೆಂದು ನಿಶ್ಚಯಿಸಿದೆ. ಶನಿವಾರ ದವಾಖಾನೆಯಿಂದ ಫೋನು ಬಂತು. ಯಾರೋ ಬರಲಾಗದೆ ಒಂದು ಜಾಗ ತೆರವಾಗಿದೆ, ನಾಳೆಯೇ ಬನ್ನಿ.

ರವಿವಾರ ಆಪರೇಶನ್ ಆಯಿತು. ಸೋಮವಾರ ಬೆಳಿಗ್ಗೆ ಪಟ್ಟಿ ಬಿಚ್ಚುವವರಿದ್ದರು. ನಾನು ದವಾಖಾನೆಯ ಅಂಗಳಕ್ಕೆ ಹೋಗಿ ಕಾರನ್ನು ಹಿಂದೆಮುಂದೆ ಮಾಡಿ, ಎಡಬದಿ ಕಂಪೌಂಡ್ ಗೋಡೆಗೆ ಆನಿಸಿಕೊಂಡಿರುವಂತೆ ನಿಲ್ಲಿಸಿದೆ. ನಡುವೆ ಬೆಕ್ಕು ಸಹ ತೂರುವಂತಿರಲಿಲ್ಲ. ಕಾವಲುಗಾರ ಬಂದು ನೋಡಿ, "ಸರ, ಗ್ವಾಡಿ ಬೀಳೂ ಹಂಗೇನಿಲ್ರಿ, ಆಸರಾ ಕೊಡೂದು ಬ್ಯಾಡ" ಎಂದ.

ಮಾವ ಹೊರಗೆ ಬಂದರು. ನಾನು ಅಂಜಿದ್ದೇ ಬೇರೆ, ಕಂಡದ್ದೇ ಬೇರೆ. ದವಾಖಾನೆಯವರು ಅವರಿಗೆ ದೊಡ್ಡ ಕಪ್ಪು ಕನ್ನಡಕ ಹಾಕಿ ಕಳಿಸಿದ್ದರು. ಹೊರಗಿದ್ದಾಗ ಕೆಲವು ದಿನ ತೆಗೆಯಬಾರದಂತೆ. ಆ ಕನ್ನಡಕದಲ್ಲಿ ಲೋಕದ ನಾಲ್ಕೂ ಬಾಗಿಲುಗಳು ಒಂದೇ ಬಣ್ಣ. ಶಾಂತಾ ಹಿಂದಿನಿಂದ ನನಗೆ ಕಣ್ಣು ಹೊಡೆದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಹಾಗೆ ಮಾಡಿದ್ದು ಅದೇ ಮೊದಲು. ಕಾರನ್ನು ಗೋಡೆಯಿಂದ ಬಿಡಿಸಿ, ಮಾವನನ್ನು ಅವರ ಬಾಗಿಲಿನಿಂದಲೇ ಗೌರವಪೂರ್ವಕವಾಗಿ ಹತ್ತಿಸಿಕೊಂಡು ರೋಣದ ನಮ್ಮ ಮನೆಗೆ ಬಂದೆವು. ದಾವಲಸಾಬನಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಕಾರು ತರುತ್ತೇನೆಂದೆ.

ಮರುದಿನ ಬೆಳಿಗ್ಗೆ ಕೀಲಿ ಹಿಡಿದು ಅಂಗಳಕ್ಕೆ ಬಂದೆ. ಮಾವ ನನಗಿಂತ ಮೊದಲೇ ಅಲ್ಲಿದ್ದರು. ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ಒಂದು ಅಂಗೈಯಿಂದ ಎಡಗಣ್ಣು ಮುಚ್ಚಿ ಬಾಗಿಲು ನೋಡಿದರು. ಕೈ ಬದಲಿಸಿ ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು. ಮತ್ತೆ ಬಲ. ಹಾಗೆ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅಳಿಯಂದ್ರ, ಇದು ಮೊದ್ಲಿಂದ ಹಿಂಗಽ ಐತೇನ್ರಿ?"

ನಾನು ಸಿದ್ಧಪಡಿಸಿಕೊಂಡಿದ್ದ ವಾದ ಮಂಡಿಸಿದೆ. "ಹಾಗೇನಿಲ್ಲ ಮಾವ. ಬಿಸಿಲಿಗೆ ಬಣ್ಣ ಸ್ವಲ್ಪ ಬದಲಾಗುತ್ತದೆ."

"ಬಿಸಲು ಒಂದಽ ಬಾಗಲಕ್ಕ ಬೀಳ್ತೈತೇನ್ರಿ?"

ಮನೆಯ ಹೊಸ್ತಿಲಿಗೆ ಬಂದ ಶಾಂತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಮಾವ ಆಕೆಯನ್ನು ನೋಡಿದರು, ನನ್ನನ್ನು ನೋಡಿದರು.

"ಎಲ್ಲಾರಿಗೂ ಗೊತ್ತಿತ್ತು," ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಇವತ್ತೇ ಒಯ್ಯುತ್ತೇನೆ ಮಾವ. ಇಡೀ ಕಾರಿಗೆ ಹೊಸ ಬಣ್ಣ. ಗುರುತೇ ಉಳಿಯದಂತೆ ಹಚ್ಚುತ್ತಾನೆ."

ಅವರು ಬಾಗಿಲಿನ ಹಿಡಿಕೆಯನ್ನು ಹಿಡಿದುಕೊಂಡರು. ಕಸಿದುಕೊಳ್ಳುವವರ ಕೈಯಿಂದ ವಸ್ತುವನ್ನು ಹಿಡಿದುಕೊಳ್ಳುವ ಹಾಗೆ.

"ಇವತ್ತ ಬ್ಯಾಡ. ಇವತ್ತ ಬೆಳವಣಕಿಗೆ ನಡೀರಿ."

"ಅಪ್ಪಾ, ಧೂಳಿನಾಗ ಹೋಗಬಾರ್ದಂತ ಹೇಳ್ಯಾರ," ಎಂದಳು ಶಾಂತಾ.

"ಕಣ್ಣ ಕಟಗೊಂಡಽ ನಾಕು ವರ್ಷ ಕಳದೇನಿ ತಂಗಿ. ಚಷ್ಮಾ ಹಾಕ್ಕೊಂಡು ಒಂದು ತಾಸು ಹೋಗಾಕ ಬರ್ತೈತಿ."

ಜೋಳದ ಹೊಲಗಳ ನಡುವೆ ಕಾರು ಹೋಗುತ್ತಿತ್ತು. ಕಿಟಕಿಯ ಗಾಜು ಏರಿಸಿತ್ತು, ಆದ್ದರಿಂದ ಮಾವ ಒಳಗಿನಿಂದಲೇ ಬಾಗಿಲ ಮೇಲೆ ಕೈ ಇಟ್ಟುಕೊಂಡಿದ್ದರು. ಅವರು ತಮ್ಮನಿಗೆ ಏನು ಹೇಳುವರೆಂದು ನಾನು ಯೋಚಿಸುತ್ತಿದ್ದೆ. ಮಾತಿನಲ್ಲಿ ಪಳಗಿದ ನನಗೇ ಆ ಜಾಗದಲ್ಲಿ ಒಂದು ವಾಕ್ಯ ಹೊಳೆಯಲಿಲ್ಲ.

ಈರಪ್ಪನವರ ಅಂಗಡಿ ಬೀದಿಯ ತಿರುವಿನಲ್ಲಿದೆ. ನಾನು ಅಭ್ಯಾಸಬಲದಿಂದ ಬಲಬದಿ ಅಂಗಡಿಗೆ ಬರುವಂತೆ ಕಾರು ನಿಲ್ಲಿಸಿದೆ.

"ಹಿಂಗಲ್ರಿ," ಎಂದರು ಮಾವ. "ಹೊಳ್ಳಿಸಿ ನಿಂದರಸ್ರಿ. ಈ ಬಾಗಲಾ ಅಂಗಡಿ ಕಡೆ ಬರ್ಲಿ."

ಹಿಂದಿನ ದಿನ ಗೋಡೆಗೆ ಅಡಗಿಸಲು ಪಟ್ಟ ಶ್ರಮವನ್ನೇ ಇಂದು ತೋರಿಸಲು ಪಟ್ಟೆ. ಓಣಿ ಇಕ್ಕಟ್ಟಿನದು. ಹಿಂದೆಮುಂದೆ ಮಾಡುವಷ್ಟರಲ್ಲಿ ಕಟ್ಟೆಯ ಮೇಲಿನವರೆಲ್ಲ ಎದ್ದು ಸಲಹೆ ಕೊಡತೊಡಗಿದರು. ಮಾವ ಇಳಿದು, ಬಾಗಿಲು ಮುಚ್ಚಿ, ಅದರ ಪಕ್ಕದಲ್ಲಿ ನಿಂತರು. ಕನ್ನಡಕ ಸರಿಮಾಡಿಕೊಂಡರು. ಅಂಗಡಿಯ ಮೆಟ್ಟಿಲು ಏರಲಿಲ್ಲ.

ಈರಪ್ಪನವರು ಬೆಲ್ಲ ತೂಗುತ್ತಿದ್ದರು. ತಕ್ಕಡಿ ಕೆಳಗಿಟ್ಟರು. ಅಂಟಿದ ಕೈಗಳನ್ನು ಗೋಣಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅಣ್ಣನನ್ನು ನೇರವಾಗಿ ನೋಡಲಾಗದೆ ಕಾರನ್ನು ನೋಡಿದರು. ನೇಕಾರನ ಕಣ್ಣಿಗೆ ತಡೆಯಲಾಗಲಿಲ್ಲ, ಮಾತು ಹೊರಟೇಬಿಟ್ಟಿತು.

"ಯಾವಾಂವ ಈ ಬಾಗಲಾ ಮಾಡಿದಾಂವ? ಅವನೌನ, ಕಣ್ಣ ಕಾಣ್ತಿದ್ದಿಲ್ಲೇನ ಅವಂಗ?"

"ಹಚ್ಚಿದಾಂವ ನರಗುಂದದ ದಾವಲಸಾಬ," ಎಂದರು ಮಾವ. "ಬಣ್ಣಾ ಆರಿಸಿದಾಂವ ನಾ. ಕಣ್ಣ ಕಾಣ್ತಿದ್ದಿಲ್ಲ, ಈರ್ಯಾ. ಅವತ್ತೂ ಕಾಣ್ತಿದ್ದಿಲ್ಲ."

ಕಟ್ಟೆಯ ಮೇಲಿನವರಿಗೆ ಇದರಲ್ಲಿ ಏನೂ ಅರ್ಥವಾಗಿರಲಾರದು. ಈರಪ್ಪನವರಿಗೆ ಅರ್ಥವಾಯಿತು. ಅವರು ಕೆಳಗಿಳಿದು ಬಂದು ಬಾಗಿಲಿನ ಮುಂದೆ ಬಗ್ಗಿದರು. ಅದರ ಅಂಚನ್ನೂ ಪಕ್ಕದ ಬಾಗಿಲಿನ ಅಂಚನ್ನೂ ಕೂಡಿಸಿ ಬೆರಳಾಡಿಸಿದರು, ಸೀರೆಯ ಮಡಿಕೆ ನೋಡುವಂತೆ. ಬಗ್ಗಿಕೊಂಡೇ ಮಾತನಾಡಿದರು.

"ಹಂಗೇನ್ ಭಾಳ ಫರಕ ಇಲ್ಲ ತಗೋ ಅಣ್ಣಾ. ನೆರಳಿನಾಗ ಕೂಡತೈತಿ."

"ಸುಳ್ಳ ಹೇಳಬ್ಯಾಡಲೇ. ಈಗ ನಂಗ ಕಾಣ್ತೈತಿ."

ಈರಪ್ಪನವರು ಮೊದಲು ನಕ್ಕರು. ಕಪ್ಪು ಕನ್ನಡಕದ ಕೆಳಗಿನಿಂದ ಮಾವನ ಕೆನ್ನೆಯ ಮೇಲೆ ನೀರಿಳಿಯತೊಡಗಿತ್ತು. ಶಾಂತಾ ಗಾಬರಿಯಿಂದ, "ಅಪ್ಪಾ, ಕಣ್ಣಿಗೆ ನೀರು ತಾಗಬಾರ್ದಂತ ಹೇಳ್ಯಾರ!" ಎಂದು ಕೂಗಿದಳು.

"ಹೊರಗಿನ ನೀರು ತಾಗಬಾರ್ದಂತ ಹೇಳ್ಯಾರ ತಂಗಿ," ಎಂದರು ಮಾವ.

ದವಾಖಾನೆಯವರು ಹೇಳಿದ ದಿನಕ್ಕೇ ಕರೆದಿದ್ದರೆ, ಕಾರು ಒಂದು ದಿನ ಮೊದಲೇ ದಾವಲಸಾಬನ ಗ್ಯಾರೇಜು ಸೇರಿದ್ದರೆ, ನಾನು ಆ ಬಾಗಿಲನ್ನು ತಗಡು ಕಾಣುವವರೆಗೆ ಕೆರೆಸಿಬಿಟ್ಟಿರುತ್ತಿದ್ದೆ. ಸೀರೆ ಎಲ್ಲಿಯೋ ಹೋಗಿತ್ತು. ಅಣ್ಣ ತಮ್ಮನ ಮುಂದೆ ತಂದು ನಿಲ್ಲಿಸಲು ಲೋಕದಲ್ಲಿ ಉಳಿದಿದ್ದ ವಸ್ತು ಅದೊಂದೇ ಆಗಿತ್ತು. ಒಳ್ಳೆಯ ಬಣ್ಣಕ್ಕೆ ಎಷ್ಟು ಖರ್ಚು ಎಂದು ಯಾರಾದರೂ ಕೇಳಿದಾಗ ನಾನು ಮೂವತ್ತೆಂಟು ಸಾವಿರ ಎಂದು ಹೇಳಿ ಸುಮ್ಮನಾಗುತ್ತೇನಾದರೂ, ಮನಸ್ಸಿನಲ್ಲಿ ಬೆಳವಣಕಿಯ ಆ ಓಣಿ ಬಂದು ನಿಲ್ಲುತ್ತದೆ.

ಹಾಗಾದರೆ ಈಗಲಾದರೂ ಏಕೆ ಹಚ್ಚಿಸಿಲ್ಲ ಎಂದು ತಾವು ಕೇಳಬಹುದು. ಹಚ್ಚಿಸಬೇಕೆಂದು ಎಲ್ಲರೂ ಒಪ್ಪಿದ್ದೇವೆ. ದಾವಲಸಾಬನ ಬಳಿ ಮುಂಗಡವೂ ಇದೆ. ಮಾವನ ಎರಡನೆಯ ಕಣ್ಣಿಗೂ ಆಪರೇಶನ್ ಆಗಿದೆ. ಯಾವ ನೀಲಿ ಎಂಬುದನ್ನು ಅಣ್ಣತಮ್ಮಂದಿರು ಕೂಡಿಯೇ ಆರಿಸಬೇಕೆಂದು ತೀರ್ಮಾನವಾಗಿದೆ. ಆದ್ದರಿಂದ ಬಿಡುವಾದಾಗಲೆಲ್ಲ ಇಬ್ಬರನ್ನೂ ಕೂರಿಸಿಕೊಂಡು ನರಗುಂದಕ್ಕೆ ಹೋಗುತ್ತೇನೆ. ತಗಡು ಹೊರಬರುತ್ತದೆ.

"ಇದು ನೋಡು, ಮುಗಿಲಬಣ್ಣ."

"ಯಾವ ಮುಗಿಲೋ ಮಾರಾಯಾ? ಮಳಿ ಮುಗಿಲೋ, ಬಿಸಲು ಮುಗಿಲೋ?"

"ನಿನಗೇನ್ ತಿಳೀತೈತಿ, ಬೆಲ್ಲಾ ತೂಗಿ ತೂಗಿ ಕಣ್ಣಿಗೆ ಪಾಕ ಹಿಡದೈತಿ."

"ನಿಂದು ಹೊಸಾ ಕಣ್ಣು. ಸೊಕ್ಕು ಬಂದೈತಿ."

ಹಿಂದೆ ಎರಡು ಮಗ್ಗಗಳ ನಡುವೆ ಕೇಳುತ್ತಿದ್ದ ಅದೇ ಸದ್ದು. ನಾನು ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕುಳಿತು ಚಹಾ ಕುಡಿಯುತ್ತ, ಪರ ವಿರೋಧ ಎರಡನ್ನೂ ಆಲಿಸುತ್ತೇನೆ. ತೀರ್ಪು ಕೊಡುವ ಚಪಲವನ್ನು ಗೆದ್ದಿದ್ದೇನೆ.

ಕಳೆದ ಸಲ ದಾವಲಸಾಬ ನನ್ನ ಪಕ್ಕದಲ್ಲಿ ಬಂದು ಕುಳಿತ. "ಸರ, ಈ ಗಾಡಿಗೆ ಬಣ್ಣಾ ಹತ್ತೂದು ನಂಗೇನ್ ಖರೇ ಅನಸವಲ್ದು. ಮುಂಗಡ ತಿರಗಿ ಕೊಡ್ಲೇನ್ರಿ?"

"ಇರಲಿ," ಎಂದೆ. "ಮತ್ತೆ ಬರುತ್ತೇವೆ."

ಹೊತ್ತು ಇಳಿದಿತ್ತು. ಈರಪ್ಪನವರು ಮುಂದೆ ಹೋಗಿ ಹಸಿರು ಬಾಗಿಲನ್ನು ತೆಗೆದು ಹಿಡಿದು ನಿಂತರು.

"ಹತ್ತಣ್ಣಾ, ನಿನ್ನ ಬಾಗಲಾ."

"ನನ್ನದೇನ ಒಬ್ಬಂದು? ನೀ ಮೊದ್ಲ ಹತ್ತು," ಎಂದರು ಮಾವ.